ಬಾಗಿಲಾಚೆಯ ಮುಖಗಳು: ಛಾಯಾಗ್ರಾಹಕ ಡಾ. ಎರಿಕ್ ಸಾಲೋಮನ್

ಅರಸರ, ಮಂತ್ರಿಗಳ, ಸೇನಾಧಿಪತಿಗಳ ಹಳೆಯ ಭಾವಚಿತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ. ಎದೆಯುಬ್ಬಿಸಿ ನಿಂತ ಭಂಗಿ, ಕುರ್ಚಿಯ ಮೇಲೊಂದು ಕೈ, ಮೈಮೇಲೆ ಪದಕಗಳ ಸಾಲು, ಎತ್ತಲೋ ನೆಟ್ಟ ನೋಟ. ಅಲ್ಲಿ ಕಾಣುವುದು ಮನುಷ್ಯನ ಮುಖವಲ್ಲ, ಆ ಮುಖದ ಮೇಲೆ ತೊಡಿಸಿದ ಬಿರುದು. ಲೋಕದ ಹಣೆಬರಹವನ್ನು ಬರೆಯುವವರು ಮುಚ್ಚಿದ ಬಾಗಿಲ ಹಿಂದೆ ಹೇಗೆ ಕುಳಿತಿರುತ್ತಾರೆ, ಹೇಗೆ ದಣಿಯುತ್ತಾರೆ, ಯಾರ ಕಿವಿಯಲ್ಲಿ ಏನನ್ನು ಉಸುರುತ್ತಾರೆ ಎಂಬುದು ಸಾಮಾನ್ಯ ಜನರಿಗೆ ತಿಳಿಯುತ್ತಿರಲಿಲ್ಲ. ಎರಡು ಮಹಾಯುದ್ಧಗಳ ನಡುವಣ ಯುರೋಪಿನಲ್ಲಿ ಆ ಬಾಗಿಲನ್ನು ದಾಟಿ ಒಳಹೊಕ್ಕು, ಒಳಗಿನವರ ನಿಜಮುಖವನ್ನು ಹೊರಗಿನವರಿಗೆ ತೋರಿಸಿದ ಮಹನೀಯರು ಜರ್ಮನಿಯ ಡಾ. ಎರಿಕ್ ಸಾಲೋಮನ್. ಕ್ಯಾಮರಾ ಕೈಗೆ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಅವರ ಕೀರ್ತಿಯ ಕಾಲ ಆರು ವರ್ಷಗಳನ್ನೂ ಮೀರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ಅವರು ಹತರಾದರು. ಆ ಅಲ್ಪಾವಧಿಯಲ್ಲಿ ಅವರು ಮಾಡಿದ ಕೆಲಸ ಜಗತ್ತಿನ ಪತ್ರಿಕಾರಂಗದ ದೃಷ್ಟಿಯನ್ನೇ ಬದಲಿಸಿತು.

ಸಾಲೋಮನ್ನರು 1886ರ ಏಪ್ರಿಲ್ 28ರಂದು ಬರ್ಲಿನ್ನಿನಲ್ಲಿ ಶ್ರೀಮಂತ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ತಂದೆ ಬ್ಯಾಂಕಿನ ವ್ಯವಹಾರಸ್ಥರು. ತಾಯಿ ಪುಸ್ತಕ ಪ್ರಕಾಶಕರ ವಂಶದವರು. ಬಾಲ್ಯದಲ್ಲಿ ಯಾವ ಕೊರತೆಯನ್ನೂ ಕಾಣದ ಈ ತರುಣ ಮೊದಲು ಪ್ರಾಣಿಶಾಸ್ತ್ರವನ್ನೂ, ಆಮೇಲೆ ಯಂತ್ರವಿದ್ಯೆಯನ್ನೂ ಅಭ್ಯಸಿಸಿ, ಕೊನೆಗೆ ನ್ಯಾಯಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದರು. 1912ರಲ್ಲಿ ಹಾಲೆಂಡಿನ ಮ್ಯಾಗಿ ಎಂಬ ಕನ್ಯೆಯನ್ನು ವರಿಸಿದರು. ಒಟ್ಟೊ ಮತ್ತು ಡಿರ್ಕ್ ಎಂಬ ಇಬ್ಬರು ಗಂಡುಮಕ್ಕಳು ಹುಟ್ಟಿದರು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಸೈನ್ಯಕ್ಕೆ ಸೇರಿದ ಸಾಲೋಮನ್ನರು ಬಹುಬೇಗ ಫ್ರೆಂಚರ ಕೈಗೆ ಸೆರೆಸಿಕ್ಕರು. ಯುದ್ಧದ ಉಳಿದ ಕಾಲವೆಲ್ಲ ಅವರಿಗೆ ಸೆರೆಶಿಬಿರಗಳಲ್ಲಿಯೇ ಸಂದಿತು. ಅಲ್ಲಿ ಅವರು ದುಭಾಷಿಯ ಕೆಲಸ ಮಾಡಿದರು. ಶತ್ರುವಿನ ಭಾಷೆಯನ್ನು ಕಲಿತು, ಎರಡು ಪಕ್ಷಗಳ ನಡುವೆ ನಿಂತು ಒಬ್ಬರ ಮಾತನ್ನು ಮತ್ತೊಬ್ಬರಿಗೆ ಮುಟ್ಟಿಸುವ ಆ ಅಭ್ಯಾಸವು ಮುಂದೆ ಅವರಿಗೆ ಬಹುವಾಗಿ ಒದಗಿಬಂದಿತು.

ಯುದ್ಧಾನಂತರದ ಜರ್ಮನಿಯಲ್ಲಿ ಹಣಕ್ಕೆ ಬೆಲೆಯೇ ಇಲ್ಲದಂತಾಯಿತು. 1923ರ ನವೆಂಬರಿನಲ್ಲಿ ಅಮೆರಿಕದ ಒಂದು ಡಾಲರಿಗೆ 4,20,000 ಕೋಟಿ ಮಾರ್ಕುಗಳನ್ನು ಕೊಡಬೇಕಾದ ಸ್ಥಿತಿ ಒದಗಿತ್ತು. ತಲೆಮಾರುಗಳಿಂದ ಕೂಡಿಟ್ಟ ಸಂಪತ್ತು ಕಾಗದದ ಚೂರಾಗಿ ಹೋಯಿತು. ಸಾಲೋಮನ್ನರ ಮನೆತನವೂ ಇದಕ್ಕೆ ಹೊರತಾಗಲಿಲ್ಲ. ಅವರು ಕೆಲಕಾಲ ಷೇರು ಪೇಟೆಯಲ್ಲಿ ದುಡಿದರು, ಪಿಯಾನೊ ತಯಾರಿಕೆಯಲ್ಲಿ ಪಾಲುದಾರರಾದರು, ಯಾವುದೂ ಕೈಹಿಡಿಯಲಿಲ್ಲ. ಕೊನೆಗೆ ಬಾಡಿಗೆ ವಾಹನಗಳ ಉದ್ಯೋಗಕ್ಕೆ ಕೈಹಾಕಿ, ಪಕ್ಕದಲ್ಲಿ ಆಸನವುಳ್ಳ ಮೋಟಾರ್ ಸೈಕಲ್ಲಿನಲ್ಲಿ ಗಿರಾಕಿಗಳನ್ನು ಕೂರಿಸಿಕೊಂಡು ತಾವೇ ನಡೆಸಿದರು. ಪಯಣದ ಹೊತ್ತಿನಲ್ಲಿ ಹಣಕಾಸಿನ ಹಾಗೂ ಕಾನೂನಿನ ಸಂಗತಿಗಳಲ್ಲಿ ನ್ಯಾಯಶಾಸ್ತ್ರದ ಡಾಕ್ಟರರ ಸಲಹೆಯೂ ದೊರೆಯುವುದೆಂದು ಪತ್ರಿಕೆಯಲ್ಲಿ ಜಾಹೀರಾತನ್ನೂ ಕೊಟ್ಟರು. ಸಿರಿವಂತರ ಮಗನೊಬ್ಬ, ಅದರಲ್ಲಿಯೂ ಪದವೀಧರ, ಬೀದಿಯಲ್ಲಿ ಬಾಡಿಗೆಯ ಗಾಡಿ ನಡೆಸುವುದು ಆ ಸಮಾಜದಲ್ಲಿ ಸಣ್ಣ ಮಾತಾಗಿರಲಿಲ್ಲ. ಕಾಯಕದಲ್ಲಿ ಮೇಲುಕೀಳುಗಳಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಶರಣರ ನಾಡಿನವರಾದ ನಮಗೆ, ದೂರದೇಶದ ಈ ನಡತೆ ಪರಕೀಯವೆನಿಸದು.

ಸುಮಾರು 1925ರ ಹೊತ್ತಿಗೆ ಬರ್ಲಿನ್ನಿನ ಉಲ್‌ಸ್ಟೈನ್ ಎಂಬ ಬೃಹತ್ ಪ್ರಕಾಶನ ಸಂಸ್ಥೆಯ ಪ್ರಚಾರ ವಿಭಾಗದಲ್ಲಿ ಅವರಿಗೆ ನೌಕರಿ ದೊರೆಯಿತು. ಹಳ್ಳಿಗಳ ರೈತರ ಗೋಡೆಗಳ ಮೇಲೆ ಸಂಸ್ಥೆಯ ಜಾಹೀರಾತುಗಳನ್ನು ಹಾಕಿಸುವ ಕರಾರುಗಳನ್ನು ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಕರಾರಿನ ಬಗ್ಗೆ ತಂಟೆ ಬಂದಾಗ ನ್ಯಾಯಾಲಯಕ್ಕೆ ಸಾಕ್ಷ್ಯ ಬೇಕಾಗುತ್ತಿತ್ತು. ಆ ಸಾಕ್ಷ್ಯಕ್ಕಾಗಿ ಗೋಡೆಗಳ ಚಿತ್ರ ತೆಗೆಯಲು ಅವರು ಒಂದು ಕ್ಯಾಮರಾವನ್ನು ಎರವಲು ಪಡೆದರು. ಜಗತ್ಪ್ರಸಿದ್ಧ ಛಾಯಾಗ್ರಾಹಕರ ವಿದ್ಯಾಭ್ಯಾಸ ಆರಂಭವಾದದ್ದು ಹೀಗೆ, ರೈತರ ಮನೆಯ ಗೋಡೆಗಳಿಂದ. ಚಿತ್ರವೆಂದರೆ ಅಲಂಕಾರವಲ್ಲ, ಸಾಕ್ಷ್ಯ ಎಂಬ ನ್ಯಾಯವಾದಿಯ ಈ ಭಾವನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಇಲ್ಲಿ ಅಂದಿನ ಛಾಯಾಗ್ರಹಣದ ಸ್ಥಿತಿಯನ್ನು ತುಸು ತಿಳಿಯುವುದು ಅವಶ್ಯ. ಆ ಕಾಲದಲ್ಲಿ ಮನೆಯೊಳಗಿನ ಚಿತ್ರ ತೆಗೆಯಬೇಕಾದರೆ ಮೆಗ್ನೀಸಿಯಮ್ ಪುಡಿಯನ್ನು ಹೊತ್ತಿಸಿ ಕಣ್ಣು ಕುಕ್ಕುವ ಬೆಳಕು ಮಾಡಬೇಕಾಗುತ್ತಿತ್ತು. ಭುಗ್ಗೆಂದು ಬೆಳಕು, ಅದರ ಹಿಂದೆಯೇ ಕೋಣೆ ತುಂಬ ಹೊಗೆ. ಕುಳಿತವರೆಲ್ಲ ಮೊದಲೇ ಎಚ್ಚೆತ್ತು ಬಿಗಿಯಾಗಿ ಕೂರುತ್ತಿದ್ದರು. ಹೀಗಿರಲು 1924ರಲ್ಲಿ ಡ್ರೆಸ್ಡನ್ ನಗರದ ಎರ್ನೆಮಾನ್ ಕಾರ್ಖಾನೆಯವರು ಎರ್ಮನಾಕ್ಸ್ ಎಂಬ ಸಣ್ಣ ಕ್ಯಾಮರಾವನ್ನು ಹೊರತಂದರು. ಅದರ ಮಸೂರ ಬಲು ಅಗಲವಾದುದು. ದೀಪದ ಸಾಧಾರಣ ಬೆಳಕೇ ಅದಕ್ಕೆ ಸಾಕಾಗುತ್ತಿತ್ತು. ಆದರೆ ಕಷ್ಟಗಳೂ ಇದ್ದವು. ನಾಲ್ಕೂವರೆ ಸೆಂಟಿಮೀಟರ್ ಅಗಲ, ಆರು ಸೆಂಟಿಮೀಟರ್ ಉದ್ದದ ಗಾಜಿನ ಫಲಕಗಳನ್ನು ಒಂದೊಂದಾಗಿ ಅದರಲ್ಲಿ ತುಂಬಬೇಕು. ಮಂದ ಬೆಳಕಿನಲ್ಲಿ ಅರ್ಧ ಸೆಕೆಂಡು, ಒಮ್ಮೊಮ್ಮೆ ಒಂದು ಸೆಕೆಂಡಿನಷ್ಟು ಹೊತ್ತು ಮಸೂರವನ್ನು ತೆರೆದಿಡಬೇಕು. ಅಷ್ಟರಲ್ಲಿ ಎದುರಿನವರು ಅಲುಗಿದರೆ ಚಿತ್ರ ಕೆಟ್ಟಿತು. ಆದ್ದರಿಂದ ಮಾತಾಡುವವರು ಯಾವ ಗಳಿಗೆಯಲ್ಲಿ ತಮ್ಮಷ್ಟಕ್ಕೆ ತಾವೇ ಸ್ತಬ್ಧರಾಗುವರೆಂಬುದನ್ನು ಮೊದಲೇ ಊಹಿಸಬೇಕು. 1927ರಲ್ಲಿ ಸಾಲೋಮನ್ನರು ಈ ಕ್ಯಾಮರಾವನ್ನು ಕೊಂಡರು. ಯಂತ್ರ ಯಾರಿಗಾದರೂ ಸಿಗುತ್ತಿತ್ತು. ಕಾಯುವ ತಾಳ್ಮೆ ಮಾತ್ರ ಅವರ ಸ್ವಂತದ್ದಾಗಿತ್ತು.

1928ರ ಫೆಬ್ರವರಿಯಲ್ಲಿ ಬರ್ಲಿನ್ನಿನಲ್ಲಿ ತರುಣ ವಿದ್ಯಾರ್ಥಿಯೊಬ್ಬನ ಮೇಲೆ ಕೊಲೆಯ ಮೊಕದ್ದಮೆ ನಡೆಯಿತು. ನ್ಯಾಯಾಲಯದೊಳಗೆ ಚಿತ್ರ ತೆಗೆಯಲು ಅನುಮತಿ ಇರಲಿಲ್ಲ. ಸಾಲೋಮನ್ನರು ತಮ್ಮ ಟೊಪ್ಪಿಗೆಯಲ್ಲಿ ರಂಧ್ರ ಕೊರೆದು, ಅದರಲ್ಲಿ ಕ್ಯಾಮರಾವನ್ನು ಅಡಗಿಸಿ ಚಿತ್ರ ತೆಗೆದರು. ಕಾವಲುಗಾರ ಕಂಡುಹಿಡಿದು ಫಲಕಗಳನ್ನು ಕೇಳಿದಾಗ, ಇನ್ನೂ ಬಳಸದ ಬರಿಯ ಫಲಕಗಳನ್ನು ಕೊಟ್ಟು ಪಾರಾದರೆಂದು ಹೇಳುತ್ತಾರೆ. ಆ ಚಿತ್ರಗಳು ಅಂದಿನ ಪ್ರಸಿದ್ಧ ಬರ್ಲಿನ್ ಸಚಿತ್ರ ವಾರಪತ್ರಿಕೆಯಲ್ಲಿ ಪ್ರಕಟವಾದವು. ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾಗುತ್ತಿದ್ದ ಪತ್ರಿಕೆಯದು. ಸಾಲೋಮನ್ನರು ನೌಕರಿಯನ್ನು ಬಿಟ್ಟು ಸ್ವತಂತ್ರ ಚಿತ್ರಪತ್ರಕರ್ತರಾದರು.

ನ್ಯಾಯಶಾಸ್ತ್ರ ಓದಿದವರು ನ್ಯಾಯಾಲಯದ ನಿಯಮವನ್ನೇ ಮುರಿದದ್ದು ಸರಿಯೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅದನ್ನು ಮರೆಮಾಚಬೇಕಾಗಿಲ್ಲ. ಬಾಳಿನ ಘೋರ ಸಂಕಟದಲ್ಲಿರುವ ತರುಣನೊಬ್ಬನ ಮುಖವನ್ನು ಅವನಿಗರಿಯದಂತೆ ಲಕ್ಷಾಂತರ ಜನರ ಮುಂದಿಟ್ಟುದು ವಿಚಾರಕ್ಕೆ ಎಡೆಕೊಡುವ ಕಾರ್ಯವೇ ಸರಿ. ಆದರೆ ಸಾಲೋಮನ್ನರು ಬಹುಕಾಲ ಅಲ್ಲಿಯೇ ನಿಲ್ಲಲಿಲ್ಲ. ಅವರ ಕ್ಯಾಮರಾ ದುರ್ಬಲರಿಂದ ಬಲಿಷ್ಠರ ಕಡೆಗೆ, ಆರೋಪಿಯ ಕಟಕಟೆಯಿಂದ ಅಧಿಕಾರದ ಮೇಜಿನ ಕಡೆಗೆ ತಿರುಗಿತು. ಅವರ ನಿಜವಾದ ಹಿರಿಮೆ ಅಲ್ಲಿಂದ ಮೊದಲಾಗುತ್ತದೆ.

ಆಗಿನ ಯುರೋಪು ಸಂಧಾನಗಳ ಯುರೋಪಾಗಿತ್ತು. ಜಿನೀವಾದಲ್ಲಿ ರಾಷ್ಟ್ರಸಂಘದ ಸಭೆಗಳು ನಡೆಯುತ್ತಿದ್ದವು. ಫ್ರಾನ್ಸಿನ ಬ್ರಿಯಾನ್ ಮತ್ತು ಜರ್ಮನಿಯ ಸ್ಟ್ರೆಸೆಮಾನ್, ನಿನ್ನೆಯ ಶತ್ರುಗಳು, ಒಂದೇ ಮೇಜಿನೆದುರು ಕುಳಿತು ಸ್ನೇಹದ ದಾರಿ ಹುಡುಕುತ್ತಿದ್ದರು. ಇಬ್ಬರಿಗೂ ಸೇರಿ 1926ರ ನೊಬೆಲ್ ಶಾಂತಿ ಪಾರಿತೋಷಕ ಸಂದಿತ್ತು. 1928ರ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ 15 ರಾಷ್ಟ್ರಗಳ ಪ್ರತಿನಿಧಿಗಳು ಕೂಡಿ, ಇನ್ನು ಮುಂದೆ ಯುದ್ಧವನ್ನು ರಾಷ್ಟ್ರನೀತಿಯ ಸಾಧನವನ್ನಾಗಿ ಬಳಸುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿದರು. ಆ ಸಮಾರಂಭಕ್ಕೆ ಸಾಲೋಮನ್ನರು ನಿಶ್ಚಿಂತರಾಗಿ ನಡೆದುಹೋಗಿ, ಪೋಲೆಂಡಿನ ಪ್ರತಿನಿಧಿಗೆ ಮೀಸಲಾಗಿದ್ದ ಖಾಲಿ ಆಸನದಲ್ಲಿ ಕುಳಿತು ಚಿತ್ರಗಳನ್ನು ತೆಗೆದರು. ಯಾರೂ ಅವರನ್ನು ತಡೆಯಲಿಲ್ಲ. ಸಭ್ಯವಾದ ಔತಣದ ಉಡುಪು, ಹಲವು ಭಾಷೆಗಳ ಪರಿಚಯ, ವಿನಯದ ನಡೆನುಡಿ, ಹೆಸರಿನ ಹಿಂದಿನ ಡಾಕ್ಟರ್ ಪದವಿ ಇವೆಲ್ಲ ಕೂಡಿ ಅವರನ್ನೂ ಒಬ್ಬ ರಾಯಭಾರಿಯೆಂದೇ ತೋರಿಸುತ್ತಿದ್ದವು.

ಆ ಖಾಲಿ ಆಸನವನ್ನು ಕುರಿತು ಎಷ್ಟು ಚಿಂತಿಸಿದರೂ ಕಡಿಮೆಯೇ. ಕಲ್ಯಾಣದ ಅನುಭವ ಮಂಟಪದಲ್ಲಿ ದೋಣಿ ನಡೆಸುವವನಿಗೂ, ಬಟ್ಟೆ ತೊಳೆಯುವವನಿಗೂ, ಅರಸನ ಮಂತ್ರಿಗೂ ಸಮನಾದ ಆಸನವಿತ್ತೆಂಬ ಪರಂಪರೆಯನ್ನು ನಾವು ನೆನೆಯುತ್ತೇವೆ. ಪ್ಯಾರಿಸ್ಸಿನ ಆ ಭವನದಲ್ಲಿ ಸಾಮಾನ್ಯನಿಗೆ ಆಸನವಿರಲಿಲ್ಲ. ಯುದ್ಧ ಬಂದರೆ ಸಾಯಬೇಕಾದವನು ಅವನು. ಶಾಂತಿಯ ಸಭೆಯಲ್ಲಿ ಮಾತ್ರ ಅವನಿಗೆ ಎಡೆಯಿಲ್ಲ. ಸಾಲೋಮನ್ನರು ಅಲ್ಲಿ ಕುಳಿತಾಗ ಅವರೊಡನೆ ಲಕ್ಷಾಂತರ ಓದುಗರೂ ಕುಳಿತಂತಾಯಿತು. ಇನ್ನೊಂದು ಸಂಗತಿಯೂ ಉಂಟು. ಸಹಿ ಬಿದ್ದು 11 ವರ್ಷಗಳಾದ ಮೇಲೆ, 1939ರ ಸೆಪ್ಟೆಂಬರ್ 1ರಂದು, ಜರ್ಮನಿ ತನ್ನ ಸಹಿಯನ್ನು ಮರೆತು ಮೇಲೇರಿ ಹೋದದ್ದು ಅದೇ ಪೋಲೆಂಡಿನ ಮೇಲೆ.

1930ರ ಜನವರಿಯಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ, ಜರ್ಮನಿ ಕೊಡಬೇಕಾದ ಯುದ್ಧದ ದಂಡವನ್ನು ಕುರಿತು ಸಮ್ಮೇಳನ ಸೇರಿತು. ಮಾತುಕತೆ ಮಧ್ಯರಾತ್ರಿಯನ್ನು ಮೀರಿ ನಡೆಯಿತು. ಸಾಲೋಮನ್ನರ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲೊಂದು ಅಲ್ಲಿಯದು. ಮಂತ್ರಿಗಳು ಮೆತ್ತನೆಯ ಆಸನಗಳಲ್ಲಿ ಕುಸಿದು ಕುಳಿತಿದ್ದಾರೆ. ಕೆಲವರ ಕಣ್ಣು ಮುಚ್ಚಿಹೋಗಿವೆ. ಗಂಭೀರ ಉಡುಪಿನೊಳಗಿನ ಮನುಷ್ಯರು ದಣಿದು ಸೋತಿದ್ದಾರೆ. ಅಂದು ಅವರು ಅಂಗೀಕರಿಸಿದ ಯೋಜನೆಯ ಪ್ರಕಾರ ದಂಡದ ಕಂತುಗಳು 1988ರವರೆಗೆ ಸಾಗಬೇಕಾಗಿದ್ದವು. ಇನ್ನೂ ಹುಟ್ಟದ ಮಕ್ಕಳ ಮೇಲೂ ಸಾಲದ ಹೊರೆ ಹೊರಿಸಿದವರು ನಿದ್ದೆಗಣ್ಣಿನ ಮುದುಕರೆಂಬುದನ್ನು ಈ ಚಿತ್ರ ಒಂದೂ ಮಾತಿಲ್ಲದೆ ಹೇಳುತ್ತದೆ. ಆದರೂ ಅದರಲ್ಲಿ ಅಪಹಾಸ್ಯವಿಲ್ಲ. ಅವರನ್ನು ನೋಡಿ ನಗು ಬರುವುದಕ್ಕೆ ಬದಲು ಮರುಕ ಹುಟ್ಟುತ್ತದೆ. ಆ ಯೋಜನೆ ಎರಡು ವರ್ಷಗಳಲ್ಲಿಯೇ ಮುರಿದುಬಿದ್ದಿತು, ಚಿತ್ರ ಉಳಿಯಿತು.

ಬರಬರುತ್ತ ರಾಜಕಾರಣಿಗಳು ಅವರಿಗೆ ಹೊಂದಿಕೊಂಡರು. ಸಾಲೋಮನ್ನರು ಬಾರದ ಸಮ್ಮೇಳನಕ್ಕೆ ಮಹತ್ವವೇ ಇಲ್ಲವೆಂಬ ಮಾತು ಬ್ರಿಯಾನರ ವಿನೋದಗಳಲ್ಲೊಂದಾಗಿ ಪ್ರಚಾರ ಪಡೆಯಿತು. 1931ರಲ್ಲಿ ಪ್ಯಾರಿಸ್ಸಿನ ಔತಣವೊಂದರಲ್ಲಿ, ಎಲ್ಲ ನಿರ್ಬಂಧಗಳನ್ನೂ ದಾಟಿ ಒಳಬಂದಿದ್ದ ಸಾಲೋಮನ್ನರನ್ನು ಗುರುತಿಸಿದ ಬ್ರಿಯಾನರು, ಕರೆಯದೆ ಬರುವವರ ದೊರೆ ಇಗೋ ಇಲ್ಲಿದ್ದಾನೆಂಬ ಭಾವದಿಂದ ಬೆರಳು ಮಾಡಿ ತೋರಿಸಿದರು. ಸುತ್ತಲಿನವರು ತಿರುಗಿ ನಕ್ಕರು. ಆ ಗಳಿಗೆಯೂ ಫಲಕದ ಮೇಲೆ ಮೂಡಿತು. ಇಂಗ್ಲೆಂಡಿನ ಪತ್ರಿಕೆಯೊಂದು ಅವರ ಈ ಬಗೆಯ ಚಿತ್ರಗಳಿಗೆ ಕ್ಯಾಂಡಿಡ್ ಕ್ಯಾಮರಾ ಎಂಬ ಹೆಸರನ್ನಿಟ್ಟಿತು. ಮುಚ್ಚುಮರೆಯಿಲ್ಲದ ಚಿತ್ರಣವೆಂಬುದು ಅದರ ಭಾವ. 1931ರಲ್ಲಿಯೇ ಅವರ 112 ಚಿತ್ರಗಳ ಗ್ರಂಥ ಹೊರಬಂದಿತು. ಎಚ್ಚರದ ಕಾವಲಿಲ್ಲದ ಕ್ಷಣಗಳಲ್ಲಿ ಕಂಡ ಸಮಕಾಲೀನ ಗಣ್ಯರೆಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಅಮೆರಿಕಕ್ಕೆ ಹೋದಾಗ ಮುರಿದ ಕೈಯವರಂತೆ ಕಟ್ಟು ಹಾಕಿಕೊಂಡು, ಅದರೊಳಗೆ ಕ್ಯಾಮರಾವನ್ನಿಟ್ಟು, 1932ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಕಲಾಪವನ್ನೂ ಚಿತ್ರಿಸಿದರು. ಆ ನ್ಯಾಯಾಲಯ ಇಂದಿಗೂ ಕಲಾಪದ ವೇಳೆ ಕ್ಯಾಮರಾಗಳನ್ನು ಒಳಗೆ ಬಿಡುವುದಿಲ್ಲ.

ನಮ್ಮ ದೇಶಕ್ಕೂ ಈ ಹೊಸ ದೃಷ್ಟಿ ಅದೇ ಕಾಲದಲ್ಲಿ ತಲುಪಿತೆಂಬುದು ಗಮನಾರ್ಹ. ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆಯನ್ನು ಗಾಂಧೀಜಿಯವರು ವಹಿಸಿದ್ದು 1924ರಲ್ಲಿ, ಎಂದರೆ ಎರ್ಮನಾಕ್ಸ್ ಕ್ಯಾಮರಾ ಹೊರಬಂದ ವರ್ಷದಲ್ಲಿಯೇ. ಆರು ವರ್ಷಗಳ ಅನಂತರ ಉಪ್ಪಿನ ಸತ್ಯಾಗ್ರಹದ ದಿನಗಳಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಬೊಸ್‌ಹಾರ್ಡ್ ಎಂಬ ಛಾಯಾಗ್ರಾಹಕರು ಗಾಂಧೀಜಿಯವರನ್ನು ಓದುವಾಗ, ಉಣ್ಣುವಾಗ, ಕ್ಷೌರ ಮಾಡಿಕೊಳ್ಳುವಾಗ ಚಿತ್ರಿಸಿ ಜರ್ಮನಿಯ ಸಚಿತ್ರ ಪತ್ರಿಕೆಗೆ ಕಳುಹಿದರು. ಮುಂದೆ ಇದೇ ಬಗೆಯ ಸಹಜ ಚಿತ್ರಣವನ್ನು ಜೀವನದ ಉಸಿರಾಗಿಸಿಕೊಂಡ ಕನ್ನಡಿಗರು ಮೈಸೂರಿನ ಟಿ. ಎಸ್. ಸತ್ಯನ್ (1923–2009). ಅವರ ಕ್ಯಾಮರಾ ಪ್ರಧಾನಿಗಳನ್ನು ಕಂಡ ಕಣ್ಣಿನಿಂದಲೇ ಹಳ್ಳಿಯ ಮಕ್ಕಳನ್ನೂ ಕಂಡಿತು.

1929ರ ಅಕ್ಟೋಬರಿನಲ್ಲಿ ಸ್ಟ್ರೆಸೆಮಾನ್, 1932ರ ಮಾರ್ಚಿನಲ್ಲಿ ಬ್ರಿಯಾನ್ ತೀರಿಕೊಂಡರು. 1933ರ ಜನವರಿಯಲ್ಲಿ ಹಿಟ್ಲರ್ ಜರ್ಮನಿಯ ಅಧಿಕಾರವನ್ನು ಹಿಡಿದನು. ಅದೇ ವರ್ಷ ಜಿನೀವಾದಲ್ಲಿ ಆಲ್‌ಫ್ರೆಡ್ ಐಸೆನ್‌ಸ್ಟಾಟ್ ಎಂಬ ಮತ್ತೊಬ್ಬ ಯಹೂದಿ ಛಾಯಾಗ್ರಾಹಕರು ನಾಜಿ ಮಂತ್ರಿ ಗೊಬೆಲ್ಸನ ಚಿತ್ರ ತೆಗೆದರು. ಬ್ರಿಯಾನರು ಕ್ಯಾಮರಾದ ಕಡೆಗೆ ಬೆರಳು ಮಾಡಿ ನಕ್ಕಿದ್ದರು. ಗೊಬೆಲ್ಸ್ ಕುರ್ಚಿಯ ಕೈಗಳನ್ನು ಬಿಗಿಹಿಡಿದು ದ್ವೇಷದ ಕಣ್ಣುಗಳಿಂದ ದಿಟ್ಟಿಸಿದನು. ಎರಡು ವರ್ಷಗಳ ಅಂತರದಲ್ಲಿ ತೆಗೆದ ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯುರೋಪಿನ ಇತಿಹಾಸ ಕಣ್ಣೆದುರು ನಿಲ್ಲುತ್ತದೆ. ತನ್ನನ್ನು ನೋಡುವವನನ್ನು ಕಂಡು ನಗಬಲ್ಲ ಅಧಿಕಾರವೊಂದು. ನೋಡುವವನನ್ನೇ ಅಳಿಸಿಹಾಕ ಬಯಸುವ ಅಧಿಕಾರ ಮತ್ತೊಂದು.

ಸಾಲೋಮನ್ನರು ಜರ್ಮನಿಯನ್ನು ತೊರೆದು ಪತ್ನಿಯ ತವರಾದ ಹಾಲೆಂಡಿಗೆ ಹೋಗಿ ಹೇಗ್ ನಗರದಲ್ಲಿ ನೆಲಸಿದರು. ಐಸೆನ್‌ಸ್ಟಾಟರು 1935ರಲ್ಲಿ ಅಮೆರಿಕ ಸೇರಿ ದೀರ್ಘಕಾಲ ಬಾಳಿದರು. ಸಾಲೋಮನ್ನರಿಗೂ ಅಮೆರಿಕದ ಲೈಫ್ ಪತ್ರಿಕೆಯಿಂದ ಕರೆ ಬಂದಿತ್ತು; ಅವರು ಪಯಣವನ್ನು ಮುಂದೂಡಿದರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಹಾಲೆಂಡನ್ನು ಆಕ್ರಮಿಸಿತು. ಹೊರಗೆ ಹೋಗುವ ದಾರಿಗಳೆಲ್ಲ ಮುಚ್ಚಿದವು. ಯಹೂದಿಗಳ ಮೇಲೆ ಒಂದರ ಮೇಲೊಂದು ನಿರ್ಬಂಧಗಳು ಬಂದು, ಕೊನೆಗೆ ಅವರನ್ನು ಹಿಡಿದು ಸಾಗಿಸುವ ಕ್ರಮವೂ ಮೊದಲಾಯಿತು. ಸಾಲೋಮನ್ನರು ಪತ್ನಿ ಮತ್ತು ಕಿರಿಯ ಮಗ ಡಿರ್ಕನೊಡನೆ ಅಜ್ಞಾತವಾಸಕ್ಕೆ ಇಳಿದರು.

ಯುರೋಪಿನ ಅತ್ಯಂತ ಬಿಗಿಯಾದ ಕಾವಲುಗಳನ್ನು ಯಾರ ಕಣ್ಣಿಗೂ ಬೀಳದೆ ದಾಟಿದ್ದ ವ್ಯಕ್ತಿಯನ್ನು ಹಿಡಿದುಕೊಟ್ಟದ್ದು ಗ್ಯಾಸಿನ ಮೀಟರು. ಆ ಮನೆಯಲ್ಲಿ ವಾಸವಿರಬೇಕಾದ ಜನರ ಲೆಕ್ಕಕ್ಕಿಂತ ಗ್ಯಾಸು ಹೆಚ್ಚಾಗಿ ಖರ್ಚಾಗುತ್ತಿರುವುದನ್ನು ಮೀಟರು ನೋಡಲು ಬಂದವನು ಗಮನಿಸಿ ಸುಳಿವು ಕೊಟ್ಟನೆಂದು ತಿಳಿದುಬಂದಿದೆ. ಮೂವರೂ 1943ರಲ್ಲಿ ಸೆರೆಯಾದರು. ಸೆರೆಶಿಬಿರದಿಂದ ಸೆರೆಶಿಬಿರಕ್ಕೆ ಸಾಗಿ ಥೆರೇಸಿಯನ್‌ಸ್ಟಾಟ್ ಮುಟ್ಟಿ, 1944ರ ಮೇ ತಿಂಗಳಲ್ಲಿ ಆಷ್‌ವಿಟ್ಸ್ ತಲುಪಿದರು. ದಾಖಲೆಗಳ ಪ್ರಕಾರ ಡಾ. ಎರಿಕ್ ಸಾಲೋಮನ್ನರು 1944ರ ಜುಲೈ 7ರಂದು ಅಲ್ಲಿ ಹತರಾದರು. ಪತ್ನಿಯೂ ಕಿರಿಯ ಮಗನೂ ಮರಳಿ ಬರಲಿಲ್ಲ. ಹಾಲೆಂಡಿನಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ ಪ್ರಾಣ ಕಳೆದುಕೊಂಡವರು ಸುಮಾರು 1,02,000. ಆ ಸಂಖ್ಯೆಯಲ್ಲಿ ಈ ಮೂವರೂ ಸೇರಿದ್ದಾರೆ. ಲೋಕದ ಗಣ್ಯರ ಅಲಕ್ಷಿತ ಕ್ಷಣಗಳನ್ನೆಲ್ಲ ಉಳಿಸಿದವರ ಕೊನೆಯ ಕ್ಷಣವನ್ನು ಉಳಿಸಲು ಅಲ್ಲಿ ಯಾವ ಕಣ್ಣೂ ಇರಲಿಲ್ಲ.

ಹಿರಿಯ ಮಗ ಒಟ್ಟೊ ಇಂಗ್ಲೆಂಡಿನಲ್ಲಿದ್ದುದರಿಂದ ಬದುಕುಳಿದರು. ಪೀಟರ್ ಹಂಟರ್ ಎಂಬ ಹೆಸರಿನಿಂದ ಅವರೂ ಛಾಯಾಗ್ರಾಹಕರಾಗಿದ್ದರು. ಯುದ್ಧ ಮುಗಿದ ಮೇಲೆ ಅವರು ತಂದೆಯ ಚಿತ್ರಗಳನ್ನು ಹುಡುಕುತ್ತ ಹಾಲೆಂಡಿಗೆ ಬಂದರು. ಕೆಲವು ಮೂಲಫಲಕಗಳು ಹಾಲೆಂಡಿನ ಸಂಸತ್ತಿನ ಗ್ರಂಥಾಲಯದಲ್ಲಿ ಸುರಕ್ಷಿತವಾಗಿದ್ದವು. ಇನ್ನು ಕೆಲವನ್ನು ಮಣ್ಣಿನಲ್ಲಿ ಹೂಳಲಾಗಿತ್ತು. ಅವುಗಳಲ್ಲಿ ಹಲವು ತೇವಕ್ಕೆ ಕೆಟ್ಟುಹೋಗಿದ್ದವು. ಮಗನ ಶ್ರಮದಿಂದ ತಂದೆಯ ಕಾಯಕ ಮತ್ತೆ ಬೆಳಕಿಗೆ ಬಂದಿತು. 1971ರಲ್ಲಿ ಜರ್ಮನಿಯ ಛಾಯಾಗ್ರಹಣ ಸಂಘವು ಅವರ ಹೆಸರಿನಲ್ಲಿ ಪಾರಿತೋಷಕವೊಂದನ್ನು ಸ್ಥಾಪಿಸಿತು. ಅವರ ಚಿತ್ರಸಂಗ್ರಹ ಇಂದು ಅವರ ಹುಟ್ಟೂರಾದ ಬರ್ಲಿನ್ನಿನ ಕಲಾಸಂಗ್ರಹಾಲಯದಲ್ಲಿದೆ. ಹೊರಹೋಗಬೇಕಾಗಿ ಬಂದ ನಗರಕ್ಕೆ ಚಿತ್ರಗಳ ರೂಪದಲ್ಲಿ ಅವರು ಮರಳಿದರೆನ್ನಬೇಕು.

ಕಪ್ಪತಗುಡ್ಡದ ಸೆರಗಿನಲ್ಲಿರುವ ನಮ್ಮ ಡೋಣಿಯ ವಿದ್ಯಾರ್ಥಿಗಳಿಗೆ ಈ ಚರಿತ್ರೆ ಏಕೆ ಬೇಕು? ಇಂದು ಕ್ಯಾಮರಾ ಇಲ್ಲದ ಮನೆಯೇ ವಿರಳ. ಮೊಬೈಲ್ ಫೋನು ಹಿಡಿದ ಪ್ರತಿಯೊಂದು ಕೈಯಲ್ಲಿಯೂ ಅದಿದೆ. ಎರ್ಮನಾಕ್ಸ್ ಯಂತ್ರದ ಯಾವ ಕಷ್ಟವೂ ಈಗ ಇಲ್ಲ. ಇನ್ನೊಬ್ಬರಿಗರಿಯದಂತೆ ಅವರ ಚಿತ್ರ ತೆಗೆಯುವುದು ಮಕ್ಕಳಾಟದಷ್ಟು ಸುಲಭವಾಗಿದೆ. ಆದುದರಿಂದಲೇ ಸಾಲೋಮನ್ನರ ಬಾಳು ನಮಗೊಂದು ಒರೆಗಲ್ಲು. ಅವರ ಉಪಾಯಗಳನ್ನಷ್ಟೇ ಕಲಿತವನು ಕದ್ದು ನೋಡುವವನಾಗುತ್ತಾನೆ. ಅವರ ಉದ್ದೇಶವನ್ನು ಅರಿತವನು ಸಾಕ್ಷಿಯಾಗುತ್ತಾನೆ. ಬಿದ್ದವನ, ಅಳುವವನ, ಹಸಿದವನ ಚಿತ್ರವನ್ನು ನಗೆಗಾಗಿ ಹಂಚುವುದು ಒಂದು ಬಗೆ. ಎಲ್ಲರ ಹೆಸರಿನಲ್ಲಿ ಆಳುವವರು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡುವುದು ಇನ್ನೊಂದು ಬಗೆ. ಕ್ಯಾಮರಾ ಎತ್ತುವ ಮುನ್ನ ಎದುರಿಗಿರುವವನು ನಮಗಿಂತ ಬಲಿಷ್ಠನೋ ದುರ್ಬಲನೋ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ನೋಡುವುದೂ ಒಂದು ಕಾಯಕ. ಅದಕ್ಕೆ ತಾಳ್ಮೆ ಬೇಕು, ಸಭ್ಯತೆ ಬೇಕು, ಎದುರಿನವನೂ ನಮ್ಮಂತೆಯೇ ದಣಿಯುವ ಮನುಷ್ಯನೆಂಬ ಅರಿವು ಬೇಕು. ಈ ಮೂರೂ ಡಾ. ಸಾಲೋಮನ್ನರಲ್ಲಿ ಒಂದುಗೂಡಿದ್ದವು. ಆದುದರಿಂದ ಅವರು ಚಿತ್ರಿಸಿದ ಮಂತ್ರಿಗಳ ಹೆಸರುಗಳನ್ನು ಲೋಕ ಮರೆತರೂ, ಅವರ ಮುಖಗಳ ಮೇಲೆ ಬಿದ್ದ ಆ ನಿಷ್ಕಪಟ ಬೆಳಕು ಇನ್ನೂ ಮಾಸಿಲ್ಲ.